ಒಂದೇ ಮರದಲ್ಲಿ ನಾಲ್ಕು ಹಣ್ಣು: ಮನೆ ಗುಂಪಿನ ಚರ್ಚೆ

ಶಂಕರ ಮಾವ: (ಫಾರ್ವರ್ಡ್ ಆದ ಚಿತ್ರ) ಒಂದೇ ಗಿಡದಲ್ಲಿ ಸೇಬು, ಮಾವು, ಕಿತ್ತಳೆ, ದ್ರಾಕ್ಷಿ! ಕಸಿ ಸಸಿಗೆ 1,800 ರೂಪಾಯಿ. ಮುಂಗಡ ಕಳಿಸಿದರೆ ಮನೆ ಬಾಗಿಲಿಗೆ.

ಶಂಕರ ಮಾವ: ಯಾರಿಗೆ ಬೇಕು ಹೇಳಿ. ನಾನು ಎರಡು ತರಿಸ್ತಾ ಇದ್ದೇನೆ.

ನಾನು: ಮಾವ, ದಯವಿಟ್ಟು ಹಣ ಕಳಿಸಬೇಡಿ. ಇದು ಸುಳ್ಳು. ಚಿತ್ರ ದೊಡ್ಡದು ಮಾಡಿ ನೋಡಿ. ಕಿತ್ತಳೆ ಇರುವ ರೆಂಬೆಯ ಎಲೆಗೆ ಗರಗಸದಂಥ ಅಂಚಿದೆ. ಅದು ಸೇಬಿನ ಎಲೆ. ಮಾವಿನ ಹಣ್ಣಿನ ಪಕ್ಕದಲ್ಲೂ ಅದೇ ಎಲೆ. ಕಸಿ ಕಟ್ಟಿದ ರೆಂಬೆಗೆ ಅದರದ್ದೇ ಎಲೆ ಬರಬೇಕು ಅಲ್ವಾ?

ಶಂಕರ ಮಾವ: ಕಾಳುಮೆಣಸನ್ನ ಹಿಪ್ಪಲಿಗೆ ಕಸಿ ಕಟ್ಟಬಹುದು ಅಂದಾಗಲೂ ಊರಲ್ಲಿ ಯಾರೂ ನಂಬಿರಲಿಲ್ಲ. ಈಗ ನಮ್ಮ ತೋಟದಲ್ಲೇ ಇದೆ. ಉತ್ತರ ಪ್ರದೇಶದ ಮಲಿಹಾಬಾದಿನ ತೋಟಗಾರ ಕಲೀಮುಲ್ಲಾ ಖಾನ್ ಅವರದ್ದು ಗೊತ್ತಾ? ಒಂದೇ ಮರದಲ್ಲಿ 300ಕ್ಕೂ ಜಾಸ್ತಿ ತಳಿ. 2008ರಲ್ಲಿ ಪದ್ಮಶ್ರೀ ಕೊಟ್ಟಿದ್ದಾರೆ. ಸುಮ್ನೆ ಕೊಡ್ತಾರಾ?

ನಾನು: ಅವರ ಕೆಲಸದ ಬಗ್ಗೆ ನನಗೂ ತುಂಬಾ ಗೌರವ ಇದೆ ಮಾವ. ಆದರೆ ಅಲ್ಲಿರುವ ತಳಿಗಳೆಲ್ಲ ಮಾವೇ. ಮೆಣಸು, ಹಿಪ್ಪಲಿ ಕೂಡ ಒಂದೇ ಕುಲದವು, ವೀಳ್ಯದೆಲೆಯೂ ಅದೇ ಕುಲ. ಕಸಿ ಅಂದರೆ ಎರಡು ಗಿಡದ ತೊಗಟೆ ಕೆಳಗಿನ ಹಸಿರು ಪದರ ಒಂದಕ್ಕೊಂದು ಕೂಡಬೇಕು. ನೀರು, ಆಹಾರ ಹರಿಯುವ ದಾರಿ ಜೋಡಿಸಿಕೊಳ್ಳಬೇಕು. ಹತ್ತಿರದ ನಂಟು ಇಲ್ಲದಿದ್ದರೆ ಆಗಲ್ಲ. ಸೇಬು, ಪಿಯರ್ ಒಂದೇ ಕುಟುಂಬದವು. ಅವೂ ಬಹಳ ಸಲ ಹಿಡಿಯಲ್ಲ. ಇನ್ನು ಸೇಬಿಗೆ ದ್ರಾಕ್ಷಿ ಬಳ್ಳಿ ಎಲ್ಲಿಂದ ಹಿಡಿಯುತ್ತೆ?

ರಾಘಣ್ಣ: ಅಮೆರಿಕದಲ್ಲಿ 40 ಹಣ್ಣಿನ ಮರ ಇದೆ ಅಂತ ಓದಿದ್ದೆ.

ನಾನು: ಇದೆ ರಾಘಣ್ಣ. ಸಿರಕ್ಯೂಸ್ ವಿಶ್ವವಿದ್ಯಾಲಯದ ಕಲಾ ಪ್ರಾಧ್ಯಾಪಕ ಸ್ಯಾಮ್ ವ್ಯಾನ್ ಏಕನ್ ಮಾಡಿದ್ದು. ಅದರಲ್ಲಿ ಪ್ಲಮ್, ಪೀಚ್, ಏಪ್ರಿಕಾಟ್, ಚೆರ್ರಿ, ಬಾದಾಮಿ. ಎಲ್ಲಾ ಗಟ್ಟಿ ಓಟೆಯ ಒಂದೇ ಕುಲ. ಸೇಬೇ ಇಲ್ಲ.

ಸುಮಾ ಅತ್ತೆ: ನಿಮ್ಮ ಹಿತ್ತಿಲಲ್ಲೇ ಹಲವು ತಳಿ ಕಟ್ಟಿದ ಸೇಬಿನ ಮರ ಇದೆಯಲ್ಲ ವಿದ್ಯಾ? ಹಣ್ಣಿನ ರುಚಿ ಒಂದಕ್ಕೊಂದು ಸೇರಲ್ವಾ?

ನಾನು: ಸೇರಲ್ಲ ಅತ್ತೆ. ಇಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಚಿಕ್ಕ ಹಿತ್ತಿಲಿಗೆ ಅಂತ ಮೂರು ತಳಿ ಕಟ್ಟಿದ ಸಸಿಯನ್ನೇ ಮಾರ್ತಾರೆ. ನಮ್ಮದರಲ್ಲಿ ಕಾಕ್ಸ್, ಜೇಮ್ಸ್ ಗ್ರೀವ್, ಬ್ರಾಮ್ಲಿ. ಬ್ರಾಮ್ಲಿ ಹುಳಿ, ಬೇಯಿಸೋಕೆ. ಕಾಕ್ಸ್ ಹಾಗೇ ತಿನ್ನೋಕೆ. ಒಂದೇ ಬೇರಿನ ನೀರು ಕುಡಿದರೂ ಅದರದ್ದು ಅದಕ್ಕೆ.

ರಾಘಣ್ಣ: ಹಾಗಿದ್ದರೂ ಅದು ಷೋಕಿ. ಮೂರು ಗಿಡ ಬೇರೆ ಬೇರೆ ನೆಟ್ಟರೆ ಒಂದು ಸತ್ತರೂ ಎರಡು ಉಳಿಯುತ್ತೆ.

ನಾನು: ಷೋಕಿ ಅಲ್ಲ. ಸೇಬಿಗೆ ಸಾಮಾನ್ಯವಾಗಿ ಬೇರೆ ತಳಿಯ ಪರಾಗ ಬೇಕು. ಒಂದೇ ತಳಿ ನೆಟ್ಟರೆ ಹೂವು ತುಂಬಾ ಬಿಟ್ಟರೂ ಕಾಯಿ ಕಚ್ಚೋದು ಕಡಿಮೆ. ಬ್ರಾಮ್ಲಿ ಪರಾಗ ಬೇರೆಯದಕ್ಕೆ ಉಪಯೋಗಕ್ಕೆ ಬರಲ್ಲ, ಹಾಗಾಗಿ ಇನ್ನೆರಡು ತಳಿ ಬೇಕೇ ಬೇಕು. ಮೂರು ಗಿಡಕ್ಕೆ ಜಾಗ ಇಲ್ಲದ ಮನೆಗೆ ಈ ಒಂದು ಮರ ಸಾಕು. ಹಿಮಾಚಲದ ತೋಟಗಳಲ್ಲೂ ಮುಖ್ಯ ತಳಿಯ ಮರಕ್ಕೆ ಪರಾಗ ಕೊಡುವ ತಳಿಯ ರೆಂಬೆ ಕಟ್ತಾರೆ.

ರಾಘಣ್ಣ: ಜೋರಾಗಿ ಬೆಳೆಯೋದು ಉಳಿದವನ್ನ ನುಂಗಲ್ವಾ?

ನಾನು: ನುಂಗುತ್ತೆ. ಅದು ನಿಜ. ಬ್ರಾಮ್ಲಿ ರೆಂಬೆ ಆನೆ ಥರ ನುಗ್ಗುತ್ತೆ, ಕಾಕ್ಸ್ ಪಕ್ಕಕ್ಕೆ ಸರಿಯುತ್ತೆ. ಚಳಿಗಾಲದಲ್ಲಿ ಅದನ್ನ ಜಾಸ್ತಿ ಕತ್ತರಿಸಿದರೆ ಇನ್ನೂ ರೊಚ್ಚಿಗೆದ್ದು ಚಿಗುರುತ್ತೆ. ಅದಕ್ಕೆ ಬೇಸಿಗೆಯಲ್ಲೂ ಕತ್ತರಿಸಬೇಕು. ಇಷ್ಟು ಗಮನ ಕೊಡೋಕೆ ಆಗದವರು ಬೇರೆ ಬೇರೆ ಗಿಡ ನೆಡೋದೇ ಸರಿ.

ಶಂಕರ ಮಾವ: ಹಾಗಾದರೆ ಸೇಬನ್ನೇ ತರಿಸ್ತೇನೆ, ಮೂರು ತಳಿಯದ್ದು.

ನಾನು: ಇಲ್ಲಿನ ತಳಿ ನಿಮ್ಮ ಮಲೆನಾಡಿನ ಸಾಗರ ಊರಲ್ಲಿ ಬೇಡ ಮಾವ. ಅವಕ್ಕೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಅಷ್ಟು ಚಳಿ ಅಲ್ಲಿ ಎಲ್ಲಿದೆ? ಬೆಚ್ಚಗಿನ ಊರಿಗೆ ಅಂತ ಅನ್ನಾ ಥರದ ತಳಿ ಇದೆ, ಆದರೆ ನಿಮ್ಮ ಮಳೆಯಲ್ಲಿ ಅದನ್ನ ನಂಬಿ ದುಡ್ಡು ಹಾಕಬೇಡಿ. ಕಸಿ ಕಟ್ಟಲೇಬೇಕು ಅಂದರೆ ನಿಮ್ಮ ಕೈಯಲ್ಲೇ ಇದೆಯಲ್ಲ. ಅಂಗಳದ ಕಾಡುಮಾವಿನ ಮರಕ್ಕೆ ಉಪ್ಪಿನಕಾಯಿ ಮಿಡಿಯ ತಳಿಗಳನ್ನೇ ಕಟ್ಟಿ: ಒಂದು ರೆಂಬೆಗೆ ಜೀರಿಗೆ ಅಪ್ಪೆ, ಒಂದಕ್ಕೆ ಅನಂತಭಟ್ಟನ ಅಪ್ಪೆ, ಒಂದಕ್ಕೆ ಮಾಳಂಜಿ. ಅದು ಖಂಡಿತ ಹಿಡಿಯುತ್ತೆ.

ಶಂಕರ ಮಾವ: ಹೌದು, ಮಾಳಂಜಿ ಕಡ್ಡಿ ಭಾವನ ಮನೆಯಲ್ಲಿ ಸಿಗುತ್ತೆ. ಈ ಮಳೆಗಾಲಕ್ಕೇ ಕಟ್ಟಬಹುದು. ಆ ಸಸಿ ಮಾರುವವನಿಗೆ ಬೇಡ ಅಂತ ಹೇಳಿದೆ.

ರಾಘಣ್ಣ: ಮುಂಗಡ?

ಶಂಕರ ಮಾವ: ಕಳಿಸಿಲ್ಲ ಮಾರಾಯ.

ಸುಮಾ ಅತ್ತೆ: ರೆಂಬೆರೆಂಬೆಗೂ ಬೇರೆ ಬಣ್ಣದ ಗುರುತು ಕಟ್ಟಿ. ಮಿಡಿ ಕೊಯ್ಯುವಾಗ ಎಲ್ಲಾ ಒಂದೇ ಬುಟ್ಟಿಗೆ ಹಾಕಿದರೆ ಜೀರಿಗೆ ಅಪ್ಪೆ ಯಾವುದು ಅಂತ ಮುರಿದು ಮೂಸಿ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ.