ಪ್ರಶ್ನೋತ್ತರ: ಕ್ರೀಡಾ ನಿರ್ದೇಶಕರಾಗಿದ್ದ ಅಲೆಕ್ಸ್ ಫ್ರೈ ಬಾಲಕರ ತಂಡಕ್ಕೆ ಏಕೆ ಹೋದರು?

ಪ್ರಶ್ನೆ: ಸರ್, ಫುಟ್ಬಾಲ್‌ನಲ್ಲಿ ಸ್ವಿಟ್ಜರ್ಲೆಂಡ್ ಪರ 84 ಪಂದ್ಯಗಳಲ್ಲಿ 42 ಗೋಲು ಹೊಡೆದ ಅಲೆಕ್ಸ್ ಫ್ರೈ, ಆಟ ಬಿಟ್ಟ ಕೂಡಲೇ ಅಲ್ಲಿನ ಲೂಸರ್ನ್ ಕ್ಲಬ್ಬಿನ ಕ್ರೀಡಾ ನಿರ್ದೇಶಕರಾಗಿ, ಅನಂತರ ಬಾಸೆಲ್‌ನಲ್ಲಿ ಬಾಲಕರ ತರಬೇತುದಾರರಾದರೆಂದು ಓದಿದೆ. ಇದು ಮೇಲಿನಿಂದ ಕೆಳಕ್ಕೆ ಇಳಿದಂತಲ್ಲವೇ?

ಉತ್ತರ: ಅದನ್ನು ಇಳಿಕೆಯೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಇವು ಒಂದೇ ಏಣಿಯ ಮೆಟ್ಟಿಲುಗಳಲ್ಲ. ತರಬೇತುದಾರನ ಕಣ್ಣು ಮುಂದಿನ ಪಂದ್ಯದ ಮೇಲಿದ್ದರೆ, ಕ್ರೀಡಾ ನಿರ್ದೇಶಕ ಆಟಗಾರರ ಖರೀದಿ, ಒಪ್ಪಂದ, ಸಂಬಳದ ಮಿತಿ, ಕಿರಿಯರ ವಿಭಾಗ, ಎಲ್ಲಕ್ಕಿಂತ ಮುಖ್ಯವಾಗಿ ತರಬೇತುದಾರನ ಆಯ್ಕೆ, ಇವನ್ನೆಲ್ಲ ಹಲವು ವರ್ಷಗಳ ಲೆಕ್ಕದಲ್ಲಿ ನೋಡಬೇಕು. ಫ್ರೈ 2013ರ ಏಪ್ರಿಲ್‌ನಲ್ಲಿ ಬೂಟು ಕಳಚಿದವರೇ, ನಡುವೆ ಏನನ್ನೂ ಕಲಿಯಲು ಬಿಡುವಿಲ್ಲದೆ, ಆ ಕುರ್ಚಿಯಲ್ಲಿ ಕುಳಿತರು. 2014ರ ಅಕ್ಟೋಬರ್‌ನಲ್ಲಿ ತಂಡ ಗೆಲ್ಲಲಾಗದೆ ತತ್ತರಿಸುತ್ತಿದ್ದಾಗ ತರಬೇತುದಾರ ಕಾರ್ಲೋಸ್ ಬರ್ನೆಗರ್ ಅವರನ್ನು ಬಿಡುಗಡೆ ಮಾಡಿ ಮಾರ್ಕುಸ್ ಬಾಬೆಲ್ ಅವರನ್ನು ತರಲಾಯಿತು. ಡಿಸೆಂಬರ್‌ನಲ್ಲಿ ಫ್ರೈ ಅವರ ಕೆಲಸವೂ ಹೋಯಿತು.

ಆಗ ಅವರು ಮತ್ತೊಂದು ಕಚೇರಿಯನ್ನು ಹುಡುಕದೆ ಹುಟ್ಟೂರು ಬಾಸೆಲ್‌ಗೆ ಮರಳಿ ಕಿರಿಯರ ಜೊತೆ ಮೈದಾನಕ್ಕೆ ಇಳಿದದ್ದು ನನಗೆ ಬಹಳ ಮೆಚ್ಚುಗೆಯಾದ ನಿರ್ಧಾರ. ದೊಡ್ಡ ಆಟಗಾರನಾದರೂ ಯುರೋಪಿನಲ್ಲಿ ಮೇಲ್ದರ್ಜೆಯ ತಂಡವನ್ನು ನಡೆಸಲು ತರಬೇತಿಯ ಪರವಾನಗಿಗಳನ್ನು ಒಂದೊಂದಾಗಿ ಗಳಿಸಲೇಬೇಕು. ಹದಿನೈದರ ಹುಡುಗರ ಮುಂದೆ ನಿಂತು ಹೇಳಿದ್ದನ್ನೇ ಹತ್ತು ಬಾರಿ ಬೇರೆ ಬೇರೆ ಮಾತುಗಳಲ್ಲಿ ಹೇಳುವ ಅಭ್ಯಾಸವನ್ನು ಮಾತ್ರ ಯಾವ ಪರವಾನಗಿಯೂ ಕೊಡುವುದಿಲ್ಲ.

ಮರುಪ್ರಶ್ನೆ: ಹಾಗಾದರೆ ಅವರ ಆಟದ ಅನುಭವ ಉಪಯೋಗಕ್ಕೆ ಬರಲಿಲ್ಲವೇ?

ಉತ್ತರ: ಬಂದಿದೆ, ಆದರೆ ಗೋಲುಗಳಿಗಿಂತ ಹೆಚ್ಚಾಗಿ ಪೆಟ್ಟುಗಳ ಮೂಲಕ ಬಂದಿದೆ ಎಂದು ನನ್ನ ಅಭಿಪ್ರಾಯ. ಬಾಸೆಲ್‌ನಲ್ಲಿ ಆರಂಭದಲ್ಲಿ ನೆಲೆ ಸಿಗದೆ ಥೂನ್, ಲೂಸರ್ನ್, ಸರ್ವೆಟ್ ಎಂದು ಸ್ವಿಸ್ ಕ್ಲಬ್ಬುಗಳನ್ನು ಸುತ್ತಿದ ಮೇಲೆಯೇ ಅವರು ಫ್ರಾನ್ಸಿನ ರೆನ್ ತಂಡ ಸೇರಿ 2004-05ರಲ್ಲಿ 20 ಗೋಲುಗಳೊಡನೆ ಫ್ರೆಂಚ್ ಲೀಗಿನ ಅಗ್ರ ಗೋಲುಗಾರರಾದದ್ದು. ಅನಂತರ ಜರ್ಮನಿಯ ಡಾರ್ಟ್ಮಂಡ್‌ನಲ್ಲಿ ಆಡುತ್ತಿದ್ದಾಗ, 2008ರ ಯೂರೋ ಕಪ್ಪಿನ ಮೊದಲ ಪಂದ್ಯದಲ್ಲೇ, ಅದೂ ಬಾಸೆಲ್‌ನಲ್ಲಿ, ಮೊಣಕಾಲಿಗೆ ಪೆಟ್ಟಾಗಿ ಕಣ್ಣೀರಿಡುತ್ತ ಹೊರನಡೆದರು. 2011ರಲ್ಲಿ ಸ್ವದೇಶದ ಪ್ರೇಕ್ಷಕರೇ ಸಿಳ್ಳೆ ಹೊಡೆದು ಅಣಕಿಸಿದ ಮೇಲೆ ಗೆಳೆಯ ಮಾರ್ಕೊ ಸ್ಟ್ರೆಲರ್ ಜೊತೆಗೆ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಇಷ್ಟನ್ನು ಅನುಭವಿಸಿದವನು ಬೆಂಚಿನಲ್ಲಿ ಕುಳಿತ ಹುಡುಗನ ಮುಖವನ್ನು ಓದಬಲ್ಲ.

ಬಾಸೆಲ್ ಕಿರಿಯರ ಬಳಿಕ ಅವರು ತರಬೇತುದಾರರಾಗಿ ಸ್ವಿಟ್ಜರ್ಲೆಂಡಿನದೇ ವಿಲ್ ತಂಡವನ್ನು ನಡೆಸಿದರು. ವಿಂಟರ್‌ಥೂರ್ ತಂಡವನ್ನು ಋತುವಿನ ನಡುವೆ ವಹಿಸಿಕೊಂಡು, 2022ರ ಮೇ ತಿಂಗಳಲ್ಲಿ ಕೊನೆಯ ದಿನದ ಪಂದ್ಯದಲ್ಲಿ ಎರಡನೇ ದರ್ಜೆಯ ಪ್ರಶಸ್ತಿ ಗೆದ್ದು, 37 ವರ್ಷಗಳ ನಂತರ ಆ ಕ್ಲಬ್ಬನ್ನು ಮೇಲ್ದರ್ಜೆಗೆ ಏರಿಸಿದರು; ಆಟ ಬಿಟ್ಟ ಮೇಲೆ ಅವರು ಮಾಡಿದ ಅತ್ಯುತ್ತಮ ಕೆಲಸ ಇದೇ. ಆ ಬೇಸಿಗೆಯಲ್ಲೇ ಬಾಸೆಲ್ ಹಿರಿಯರ ತಂಡ ಅವರಿಗೆ ಒಲಿಯಿತು, ಆದರೆ 2023ರ ಫೆಬ್ರವರಿಯಲ್ಲಿ ಕೈತಪ್ಪಿತು. ಅವರ ಜಾಗಕ್ಕೆ ಬಂದವರು ಅಲ್ಲಿನ ಕ್ರೀಡಾ ನಿರ್ದೇಶಕ ಹೈಕೊ ಫೋಗೆಲ್. 2011ರ ಡಿಸೆಂಬರ್‌ನಲ್ಲಿ ಸ್ಟ್ರೆಲರ್ ಮತ್ತು ಆಗ ಬಾಸೆಲ್‌ಗೇ ಮರಳಿ ಆಡುತ್ತಿದ್ದ ಫ್ರೈ ಹೊಡೆದ ಗೋಲುಗಳಿಂದ ಬಾಸೆಲ್ 2-1ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿನಿಂದ ಹೊರದೂಡಿದ ರಾತ್ರಿ ಬಾಸೆಲ್ ತಂಡದ ತರಬೇತುದಾರರಾಗಿದ್ದವರೂ ಇದೇ ಫೋಗೆಲ್.