ಪಂಚ್ ಮಾಡಿಸಿ ಮತ್ತೆ ಮಿಷಿನ್ ಮುಂದೆ ಕೂರಿಸ್ತಾರೆ, ಓಟಿ ದುಡ್ಡು ಸಿಗುತ್ತಾ?

ಕಾಲರ್ ಅಕ್ಕ:
ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ನಾನು, ಆರು ವರ್ಷ ಆಯ್ತು. ಶರ್ಟಿಗೆ ಕಾಲರ್ ಕೂರಿಸೋ ಕೆಲಸ. ಒಂಬತ್ತಕ್ಕೆ ಒಳಗೆ ಹೋದ್ರೆ ಐದೂವರೆಗೆ ಬಿಡಬೇಕು, ನಡುವೆ ಅರ್ಧ ಗಂಟೆ ಊಟ. ಐದೂವರೆಗೆ ಸರಿಯಾಗಿ ಎಲ್ಲರ ಕೈಲೂ ಕಾರ್ಡ್ ಪಂಚ್ ಮಾಡಿಸ್ತಾರೆ. ಆಮೇಲೆ ಸೂಪರ್‌ವೈಸರ್ದು ಶುರು: "ಟಾರ್ಗೆಟ್ ಆಗಿಲ್ಲ, ಕೂತ್ಕೊಳ್ರಮ್ಮ." ಏಳರವರೆಗೂ ಹೊಲಿತೀವಿ. ಲೈನಲ್ಲಿ ಇಬ್ಬರು ಹೆಲ್ಪರ್ ರಜ ಹಾಕಿದ ದಿನಾನೂ ಬೋರ್ಡ್ ಮೇಲೆ ಅದೇ ನಂಬರ್! ಅಷ್ಟೊತ್ತಿಗೆ ಕಂಪನಿ ಬಸ್ ಹೋಗಿರುತ್ತೆ, ಶೇರ್ ಆಟೋಗೆ ಮೂವತ್ತು ರೂಪಾಯಿ ಕೈಯಿಂದ. ಪುಕ್ಕಟೆ ದುಡಿದು ಮೇಲೆ ದಂಡ.

ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ನಿಂತ ದಿನಕ್ಕೆಲ್ಲ ಗುರುತು ಹಾಕಿದೀನಿ, 41 ದಿನ ಆಗಿದೆ. ಸಂಬಳದ ಚೀಟೀಲಿ ಓಟಿ ಸೊನ್ನೆ. ಕೇಳಿದ್ರೆ "ಸೇರುವಾಗ ಸೈನ್ ಹಾಕಿದೀರಲ್ಲ" ಅಂತಾರೆ. ಅದು ಇಂಗ್ಲಿಷ್ ಕಾಗದ, ಏನಿತ್ತೋ ಗೊತ್ತಿಲ್ಲ.

ಹಳೇ ಪೇರೋಲ್:
ಇಂಥದೇ ಕಡೆ ಸಂಬಳದ ಲೆಕ್ಕ ಬರೆದವನು ನಾನು, ಅದಕ್ಕೇ ಹೇಳ್ತೀನಿ. ಓಟಿಗೆ ಡಬಲ್ ಕೊಡಬೇಕಮ್ಮ. 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ನಲ್ಲೂ ಅದೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ. ಟಾರ್ಗೆಟ್ ಆಯ್ತೋ ಇಲ್ವೋ ಅನ್ನೋದು ಅವರ ತಲೆನೋವು, ಗಂಟೆ ಗಂಟೆಯೇ. ಬರಬೇಕಾದ ಸಂಬಳ ಬಿಟ್ಟುಕೊಡ್ತೀನಿ ಅಂತ ಬರೆಸ್ಕೊಂಡ ಕಾಗದ ಕಾನೂನಿನ ಮುಂದೆ ನಿಲ್ಲಲ್ಲ.
ತಿಂಗಳಿಗೆ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ಎಷ್ಟು?

ಕಾಲರ್ ಅಕ್ಕ:
14,040.

ಹಳೇ ಪೇರೋಲ್:
ತಿಂಗಳಿಗೆ 26 ಕೆಲಸದ ದಿನ ಅಂತ ಭಾಗಿಸಿದ್ರೆ ದಿನಕ್ಕೆ 540, ಎಂಟು ಗಂಟೆ ಲೆಕ್ಕದಲ್ಲಿ ಗಂಟೆಗೆ 67.50. ಡಬಲ್ ಅಂದ್ರೆ 135. ಒಂದೂವರೆ ಗಂಟೆಯಂತೆ 41 ದಿನಕ್ಕೆ 61.5 ಗಂಟೆ. 8,302 ರೂಪಾಯಿ 50 ಪೈಸೆ. ಪೈಸೆನೂ ಬಿಡಬೇಡಿ.

ಲೈನ್ ನಾಲ್ಕು:
ಅಕ್ಕಾ, ಲೆಕ್ಕ ಸರಿ. ಆದ್ರೆ ಒಬ್ಬರೇ ಹೋಗಿ ಕೇಳಿದ್ರೆ ಮಾರನೇ ದಿನವೇ ಬೇರೆ ಲೈನಿಗೆ ಹಾಕ್ತಾರೆ, ತಿಂಗಳಲ್ಲಿ ತಾನಾಗೇ ಬಿಟ್ಟು ಹೋಗೋ ಹಾಗೆ ಮಾಡ್ತಾರೆ. ನಾವು ಹನ್ನೊಂದು ಜನ ಸೇರಿ ಯೂನಿಯನ್‌ನವರ ಜೊತೆ ಡೈರಿ ಸರ್ಕಲ್ ಹತ್ರದ ಕಾರ್ಮಿಕ ಭವನಕ್ಕೆ, ಅಂದ್ರೆ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿದ್ವಿ. ನಾಲ್ಕು ಸಲ ಅಲೆದಾಟ, ಅರ್ಧ ದಿನದ ಸಂಬಳ ಕಟ್. ದುಡ್ಡು ಬಂತು, ಪೂರ್ತಿ ಅಲ್ಲ.

ಹಳೇ ಪೇರೋಲ್:
ಹೊಸ ಸಂಹಿತೆಯಲ್ಲಿ ಕ್ಲೇಮ್ ಹಾಕೋಕೆ 3 ವರ್ಷ ಟೈಮಿದೆ, ಯೂನಿಯನ್ ಕೂಡ ಹಾಕಬಹುದು. ಕೊಟ್ಟಿದೀವಿ ಅಂತ ತೋರಿಸೋ ಹೊಣೆ ಮಾಲೀಕರದ್ದು. ಆದ್ರೂ ಪಂಚಿಂಗ್ ದಾಖಲೆ ಐದೂವರೆ ಅಂತಾನೇ ಹೇಳುತ್ತಲ್ಲ, ಅದಕ್ಕೆ ಎದುರು ನಿಮ್ಮ ಹತ್ರ ಏನಾದ್ರೂ ಇರಬೇಕು. ಆಟೋಗೆ ಫೋನಲ್ಲಿ ದುಡ್ಡು ಹಾಕ್ತೀರಾ? ಅದರಲ್ಲಿ ಟೈಮ್ ಇರುತ್ತೆ.

ಕಾಲರ್ ಅಕ್ಕ:
ಅಯ್ಯೋ ಹೌದಲ್ಲ! ಈಗ ಕೂತು ನೋಡಿದೆ. 36 ದಿನ ಸಿಕ್ತು, ಎಲ್ಲಾ ಏಳು ಹತ್ತು, ಏಳು ಕಾಲು. ಉಳಿದ ಐದು ದಿನ ಚಿಲ್ಲರೆ ಕೊಟ್ಟುಬಿಟ್ಟಿದೀನಿ. ಪಕ್ಕದ ಮಿಷಿನ್ನವಳೂ ಅದೇ ಆಟೋಲಿ ಬರ್ತಾಳೆ, ನಾಳೆ ಊಟದ ಹೊತ್ತಲ್ಲಿ ಅವಳ ಫೋನ್ ನೋಡ್ತೀನಿ.