ಮ್ಯಾಂಚೆಸ್ಟರೋ ಮ್ಯೂನಿಕ್ಕೋ: ಆಸ್ಪತ್ರೆ ವಿಷಯದಲ್ಲಿ ಯಾವುದು ವಾಸಿ?

ದಾವಣಗೆರೆಯ ನಿಟುವಳ್ಳಿಯಿಂದ ಪ್ರಶ್ನೆ: ನಮ್ಮ ಯಜಮಾನರಿಗೆ ಎರಡೂ ಊರಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಮೂರು ವರ್ಷ, ಚಳಿ ಬಿದ್ದರೆ ಉಬ್ಬಸ. ಅತ್ತೆಗೆ ಶುಗರ್, ಬಿಪಿ. ಅವರನ್ನೂ ಸ್ವಲ್ಪ ದಿನ ಕರೆಸಿಕೊಳ್ಳುವ ಆಸೆ. ಅನುಭವ ಇದ್ದವರು ಹೇಳ್ತೀರಾ?

ಮ್ಯಾಂಚೆಸ್ಟರ್‌ನಿಂದ, ಊರು ವಿದ್ಯಾನಗರ: ಇಲ್ಲಿ ಎಲ್ಲ ಪುಕ್ಕಟೆ ಅಂತಾರಲ್ಲ, ವೀಸಾ ಅರ್ಜಿ ಹಾಕುವಾಗಲೇ ಆರೋಗ್ಯ ಶುಲ್ಕ ಅಂತ ಕಟ್ಟಿಸಿಕೊಳ್ಳುತ್ತಾರೆ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಎಷ್ಟು ವರ್ಷದ ವೀಸಾವೋ ಅಷ್ಟಕ್ಕೂ ಒಂದೇ ಸಲ. ಕಂಪನಿ ಕೊಡುತ್ತದಾ ಅಂತ ಈಗಲೇ ಕೇಳಿ. ಆಮೇಲೆ ಆಸ್ಪತ್ರೆಯಲ್ಲಿ ಬಿಲ್ ಕೌಂಟರ್ ಕಾಣುವುದಿಲ್ಲ. ಮಕ್ಕಳ ಇನ್‌ಹೇಲರ್‌ಗೂ ದುಡ್ಡಿಲ್ಲ. ಆದರೆ ತಜ್ಞರ ಹತ್ತಿರ ನೇರ ಹೋಗುವ ಹಾಗಿಲ್ಲ, ಮನೆ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಡಾಕ್ಟರ್, ಬರೆದುಕೊಡಬೇಕು. ಬರೆದ ಮೇಲೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಗುರಿ. ಎಷ್ಟೋ ಜನರಿಗೆ ಅದೂ ದಾಟುತ್ತದೆ. ಉಸಿರು ಕಟ್ಟಿದರೆ ಮಾತ್ರ ಕಾಯಬೇಡಿ, 999ಕ್ಕೆ ಫೋನ್ ಮಾಡಿ. ಶೀತಕ್ಕೆ ಆಂಟಿಬಯೋಟಿಕ್ ಕೇಳಿದರೆ ಸುಮ್ನೆ ಮನೆಗೆ ಕಳಿಸ್ತಾರೆ. ಇಂಜೆಕ್ಷನ್ ಇಲ್ಲದೆ ಎದ್ದು ಬಂದರೆ ನಮ್ಮಮ್ಮನಿಗೆ ಡಾಕ್ಟರ್‌ಗೆ ತೋರಿಸಿದ ಸಮಾಧಾನವೇ ಇಲ್ಲ!

ಮ್ಯೂನಿಕ್‌ನಿಂದ: ಮಗುವಿನ ಲೆಕ್ಕದಲ್ಲಿ ನಾನು ಜರ್ಮನಿ ಅಂತೀನಿ. ಇಲ್ಲಿನದು ವಿಮೆ, ಬಿಸ್ಮಾರ್ಕ್ 1883ರಲ್ಲಿ ಶುರು ಮಾಡಿದ್ದು. ಸಂಬಳದ ಶೇ. 14.6, ಮೇಲೆ ಇನ್ನೊಂದಿಷ್ಟು, ಅರ್ಧ ಕಂಪನಿಯದು. ನೀವು ಕೆಲಸಕ್ಕೆ ಹೋಗದಿದ್ದರೆ ನೀವೂ ಮಗುವೂ ಅದರಲ್ಲೇ, ಬೇರೆ ಕಂತಿಲ್ಲ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು, ಏಜೆಂಟರ ಮಾತಿಗೆ ಮರುಳಾಗಬೇಡಿ. ಮಕ್ಕಳ ಡಾಕ್ಟರ್‌ಗೆ ನೇರ ಫೋನ್ ಮಾಡಬಹುದು. ಹೊಸಬರನ್ನು ಸೇರಿಸಿಕೊಳ್ಳುವವರು ಸಿಗುವುದೇ ಕಷ್ಟ, ಅದು ಬೇರೆ ಮಾತು.

ಪಿ.ಜೆ. ಬಡಾವಣೆಯಿಂದ: ಅತ್ತೆ ವಿಷಯ ಯಾರೂ ಎತ್ತಲಿಲ್ಲವಲ್ಲ! ನಾವು ಇಂಗ್ಲೆಂಡಿಗೆ ಮಗನ ಮನೆಗೆ ಹೋಗಿ ಬಂದವರು. ಅತ್ತೆ ಈ ಎರಡೂ ವ್ಯವಸ್ಥೆಗೆ ಹೊರಗಿನವರು, ತಿಳ್ಕೊಳ್ಳಿ. ಇಂಗ್ಲೆಂಡಿನಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ನೋಡಿದ್ದಕ್ಕೆ ದುಡ್ಡಿಲ್ಲ, ಅಡ್ಮಿಟ್ ಆದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್. ಜರ್ಮನಿ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಇಂಗ್ಲೆಂಡಿಗೆ ಕಡ್ಡಾಯವಲ್ಲ, ಆದರೂ ಮಾಡಿಸದೆ ವಿಮಾನ ಹತ್ತಿಸಬೇಡಿ. ಮೊದಲೇ ಇದ್ದ ಶುಗರ್‌ನಿಂದ ತೊಂದರೆಯಾದರೆ ಕೊಡ್ತಾರಾ ಅಂತ ಬರಹದಲ್ಲೇ ಕೇಳಿ. ಕಣ್ಣಿನ ಪೊರೆ, ಮಂಡಿ, ಏನಿದ್ದರೂ ಇಲ್ಲೇ ಮುಗಿಸಿ ಹೊರಡಲಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದರೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಅಷ್ಟೇ. ಚಿಗಟೇರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಇರುವಷ್ಟು ದಿನಕ್ಕೂ ಮಾತ್ರೆ ಇಲ್ಲಿಂದಲೇ ಒಯ್ಯಲಿ. ಚೀಟಿಯಲ್ಲಿ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂತ ಔಷಧದ ಹೆಸರನ್ನೇ ಬರೆಸಿ. ನಮ್ಮ ಕಂಪನಿಗಳ ಹೆಸರು ಹೇಳಿದರೆ ಅಲ್ಲಿ ಮೆಡಿಕಲ್ ಶಾಪಿನವರಿಗೆ ಗೊತ್ತಾಗಲ್ಲ.